ಹತ್ತಿಯ ಮೂಲ ತೋರಿಸಲು ಮಾಸ್ ಬ್ಯಾಲೆನ್ಸೋ, ಪ್ರತ್ಯೇಕ ರಾಶಿಯೋ?

ಹೊರದೇಶದ ಖರೀದಿದಾರ "ಈ ಹತ್ತಿ ಎಲ್ಲಿಯದು" ಅಂದರೆ ರಾಯಚೂರಿನ ಜಿನ್ನಿಂಗ್ ಮಿಲ್ಲಿಗೆ (ಹತ್ತಿಯಿಂದ ಬೀಜ ಬೇರ್ಪಡಿಸುವ ಮಿಲ್ಲು) ಮುಖ್ಯವಾಗಿ ಎರಡು ದಾರಿ.

ಮಾಸ್ ಬ್ಯಾಲೆನ್ಸ್, ಅಂದರೆ ಹತ್ತಿ ಬೆರೆತರೂ ತೂಕದ ಲೆಕ್ಕ ಮಾತ್ರ ಸರಿಯಿಡುವ ಪದ್ಧತಿ, ಅಗ್ಗ. ಜಿನ್ ದಾಟಿದ ಮೇಲೆ ಪ್ರಮಾಣಪತ್ರವಿರುವ ಹತ್ತಿ ಸಾಮಾನ್ಯ ಹತ್ತಿಯೊಂದಿಗೆ ಬೆರೆಯಬಹುದು. ಕೊಂಡ ತೂಕಕ್ಕಿಂತ ಹೆಚ್ಚು ಮಾರಿದ ಲೆಕ್ಕ ತೋರಿಸುವಂತಿಲ್ಲ, ಅಷ್ಟೆ. ಆದರೆ ನೂಲಿನಲ್ಲಿರುವುದು ಮಾನ್ವಿಯದೋ ಗುಜರಾತಿನದೋ ಎಂದರೆ ಉತ್ತರವಿಲ್ಲ. ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದ ಹತ್ತಿ ತಡೆಯುವ ಅಮೆರಿಕದ 2021ರ ಕಾಯ್ದೆಯಡಿ ಸರಕು ತಡೆಹಿಡಿದರೆ ಈ ಲೆಕ್ಕ ಸಾಲದು.

ಪ್ರತ್ಯೇಕ ರಾಶಿಗೆ, ಅಂದರೆ ಒಂದು ಮೂಲದ ಹತ್ತಿ ಬೇರೆಯದರೊಂದಿಗೆ ಬೆರೆಯದಂತೆ ಇಡುವುದಕ್ಕೆ, ಜಾಗ, ಜನ, ತಾಳ್ಮೆ ಬೇಕು. ಲಾಟ್ (ಒಂದೇ ಮೂಲದ ಹತ್ತಿಯ ಕಂತು) ಬದಲಿಸುವ ಮುನ್ನ ಜಿನ್, ಕನ್ವೇಯರ್, ಪ್ರೆಸ್ ಖಾಲಿ ಮಾಡಿ ಗುಡಿಸಬೇಕು. ಪ್ರತಿ ಬೇಲ್‌ಗೂ (ಒತ್ತಿ ಕಟ್ಟಿದ ಅರಳೆಯ ಮೂಟೆ) ಲಾಟ್ ನಂಬರು ಬೇಕು. ಕೆಡುವುದು ಹೆಚ್ಚಾಗಿ ಮಿಲ್ಲಿನ ಹೊರಗೇ: ಹಳ್ಳಿಯ ದಲಾಲ ನಾಲ್ಕು ರೈತರ ಹತ್ತಿ ಒಂದೇ ಗಾಡಿಗೆ ತುಂಬಿದರೆ ಮೂಲ ಅಲ್ಲೇ ಕಳೆದುಹೋಯಿತು. ಆದ್ದರಿಂದ ರೈತರ ಹೆಸರು, ಸರ್ವೆ ನಂಬರು, ತೂಕದ ಚೀಟಿ ಗಾಡಿಯ ಜೊತೆಗೇ ಬರಲಿ.

ಎರಡರಲ್ಲೂ ಒಂದು ತಾಳೆ ನೋಡಿ. 100 ಕ್ವಿಂಟಲ್ ಬೀಜಸಹಿತ ಬಿಡಿ ಹತ್ತಿಗೆ ಸುಮಾರು 34 ಕ್ವಿಂಟಲ್ ಅರಳೆ, ಅಂದರೆ 170 ಕೆಜಿಯ 20 ಬೇಲು. 25 ಬೇಲು ತೋರಿಸಿದರೆ ಎಲ್ಲಿಂದಲೋ ಸೇರಿದೆ. ಕಡಿಮೆ ಬಂದರೆ ಕಳ್ಳತನವೆಂದು ಕೂಗಬೇಡಿ. ತೇವಾಂಶ 12% ಇದ್ದ ಹತ್ತಿ 8%ಕ್ಕೆ ಒಣಗಿದರೆ ತೂಕ ಇಳಿದೇ ಇಳಿಯುತ್ತದೆ. ಕೊಳ್ಳುವಾಗಿನ ತೇವಾಂಶವನ್ನೂ ಬರೆದಿಡಿ.

ಸಾವಯವ ಎಂದು ಮಾರುವುದಾದರೆ ಆಯ್ಕೆಯೇ ಇಲ್ಲ, ಪ್ರತ್ಯೇಕ ರಾಶಿಯೇ. ಕುಲಾಂತರಿಯಾದ ಬಿಟಿ ಹತ್ತಿಯಂತೂ ಸಲ್ಲದು. ಬಳ್ಳಾರಿಯ ಜೀನ್ಸ್ ಘಟಕಗಳು ಡೆನಿಮ್ ಕೊಳ್ಳುವಾಗ ಬಿಲ್ಲಿನ ಜೊತೆ ನೂಲಿನ ಲಾಟ್ ನಂಬರನ್ನೂ ಕೇಳಿ ಪಡೆಯಲಿ; ಹೊಲಿದ ಮೇಲೆ ಕೇಳಿದರೆ ಯಾರೂ ಹುಡುಕಿಕೊಡುವುದಿಲ್ಲ.