ಹಳೆಯ ಕಂಪ್ಯೂಟರುಗಳ ಪ್ರೊಫೈಲ್ ದುರಸ್ತಿ: ಮಾಟುಂಗದ ಚಿಕ್ಕ ಅಂಗಡಿಯೊಂದರ ಸೇವೆ

ಮುಂಬಯಿಯ ಮಾಟುಂಗದಲ್ಲಿರುವ ನಮ್ಮ ಲೆಕ್ಕಪತ್ರದ ಕಚೇರಿಯಲ್ಲಿ ವಿಂಡೋಸ್ 7ರ ಐದು ಕಂಪ್ಯೂಟರುಗಳು ಒಂದೇ ಸರ್ವರ್‌ಗೆ ಜೋಡಣೆಯಾಗಿವೆ. ಮೈಕ್ರೋಸಾಫ್ಟ್ 2020ರ ಜನವರಿ 14ರಂದೇ ಇದರ ಬೆಂಬಲವನ್ನು ನಿಲ್ಲಿಸಿದ್ದರೂ, ಹಳೆಯ ತಂತ್ರಾಂಶವೊಂದರ ಹಂಗಿನಿಂದಾಗಿ ನಾವು ಅವನ್ನು ಬಿಟ್ಟಿಲ್ಲ. ಕಳೆದ ತಿಂಗಳು ಎರಡರಲ್ಲಿ ಲಾಗಿನ್ ಆದೊಡನೆ ಖಾಲಿ ಡೆಸ್ಕ್‌ಟಾಪ್ ಮತ್ತು ತಾತ್ಕಾಲಿಕ ಪ್ರೊಫೈಲ್ ಎಂಬ ಸೂಚನೆ ಕಾಣಿಸತೊಡಗಿತು (ಪ್ರೊಫೈಲ್ ಎಂದರೆ ಒಬ್ಬ ಬಳಕೆದಾರರ ಡೆಸ್ಕ್‌ಟಾಪ್, ಕಡತ, ಹೊಂದಿಕೆಗಳ ಒಟ್ಟು ಕಟ್ಟು). ಅಲ್ಲಿ ಉಳಿಸಿದ ಕಡತಗಳು ಲಾಗ್ ಆಫ್ ಮಾಡಿದ ಮೇಲೆ ಇಲ್ಲವಾಗುತ್ತಿದ್ದವು.

ಮೊದಲು ಬಂದ ಬೇರೊಬ್ಬ ತಂತ್ರಜ್ಞರು ಫಾರ್ಮ್ಯಾಟ್ ಮಾಡದೆ ಗತಿಯಿಲ್ಲವೆಂದಿದ್ದರು. ಈ ಅಂಗಡಿಯಿಂದ ಬಂದ, ಕುಂದಾಪುರದ ಕಡೆಯ ಯುವಕರು ಮಾತ್ರ ಮೊದಲು ಯೂಸರ್ಸ್ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡು, ಆಮೇಲೆ ಬೇರೊಂದು ಅಡ್ಮಿನ್ ಖಾತೆಯಿಂದ, ವಿಂಡೋಸ್ ತನ್ನ ಹೊಂದಿಕೆಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿನ ಪ್ರೊಫೈಲ್‌ಲಿಸ್ಟ್ ಎಂಬ ಪಟ್ಟಿಯನ್ನು ತೆರೆದರು. ಅಲ್ಲಿ ಒಂದೇ ಉದ್ದನೆಯ ಗುರುತುಸಂಖ್ಯೆ ಎರಡು ಬಾರಿ ಇತ್ತು. ಹಳೆಯ ಪ್ರೊಫೈಲಿಗೆ ಸೇರಿದ ಒಂದರ ಬಾಲಕ್ಕೆ ‘ಡಾಟ್ ಬಿಎಕೆ’ ಅಂಟಿಕೊಂಡಿತ್ತು. ಹೆಸರುಗಳನ್ನು ಅದಲುಬದಲು ಮಾಡಿ, ಪ್ರೊಫೈಲಿನ ಸ್ಥಿತಿಯನ್ನು ಸೂಚಿಸುವ ಸ್ಟೇಟ್ ಮೌಲ್ಯವನ್ನು ಸೊನ್ನೆಗೆ ತಂದು ಮರುಚಾಲನೆ ಮಾಡಿದಾಗ ಹಳೆಯ ಡೆಸ್ಕ್‌ಟಾಪ್ ಇದ್ದ ಹಾಗೆಯೇ ಮರಳಿತು. ಇನ್ನೊಂದು ಕಂಪ್ಯೂಟರಿನಲ್ಲಿ ಬಳಕೆದಾರರ ಹೊಂದಿಕೆಗಳಿರುವ ಎನ್‌ಟಿಯೂಸರ್ ಕಡತವೇ ಕೆಟ್ಟಿದ್ದರಿಂದ, ಹಳೆಯ ಪ್ರೊಫೈಲನ್ನು ಸಿಸ್ಟಮ್ ಪ್ರಾಪರ್ಟೀಸ್ ಮೂಲಕ ತೆಗೆದು, ಹೊಸ ಪ್ರೊಫೈಲಿಗೆ ದಾಖಲೆಗಳನ್ನು ಮಾತ್ರ ತುಂಬಿದರು. ಫೋಲ್ಡರನ್ನಷ್ಟೇ ಅಳಿಸಿದರೆ ರಿಜಿಸ್ಟ್ರಿಯ ನಮೂದು ಉಳಿದು ಅದೇ ರೋಗ ಮರುಕಳಿಸುತ್ತದೆಂದು ಅವರು ತಾಳ್ಮೆಯಿಂದ ವಿವರಿಸಿದ್ದು ನನಗೆ ಬಹಳ ಹಿಡಿಸಿತು.

ಕೊರತೆಯಿಲ್ಲವೆಂದಲ್ಲ. ಹನ್ನೊಂದಕ್ಕೆ ಬರುತ್ತೇನೆಂದವರು ಮೂರಕ್ಕೆ ಬಂದರು (ಮಳೆಗಾಲದ ಲೋಕಲ್ ರೈಲನ್ನು ನಂಬಿದವರನ್ನು ದೂರುವುದೂ ಕಷ್ಟವೇ). ಹೊಸ ಪ್ರೊಫೈಲಿನಲ್ಲಿ ಪ್ರಿಂಟರನ್ನು ನಾವೇ ಮತ್ತೆ ಹೊಂದಿಸಿಕೊಳ್ಳಬೇಕಾಯಿತು. ಬಿಲ್ಲಿನಲ್ಲಿ ಕೆಲಸದ ವಿವರವೂ ಇರಲಿಲ್ಲ. ಆದರೂ ಉಳಿದ ಮೂರು ಕಂಪ್ಯೂಟರುಗಳ ತಪಾಸಣೆಯನ್ನು ಅವರಿಗೇ ಒಪ್ಪಿಸಿದ್ದೇನೆ.