ಇಎಲ್‌ಎಂ 327 ಬ್ಲೂಟೂತ್ ಅಡಾಪ್ಟರ್: ಪಿಕಪ್ ಇಲ್ಲದ ಪೆಟ್ರೋಲ್ ಗಾಡಿಗೆ ಎಷ್ಟು ಉಪಯೋಗ?

ಹಂಪ್ ದಾಟಿ ಸೆಕೆಂಡ್ ಗೇರ್‌ನಲ್ಲಿ ಆಕ್ಸಿಲರೇಟರ್ ತುಳಿದರೆ ಗಾಡಿ ಎಳೆಯುವುದಿಲ್ಲ. 3000 ಆರ್‌ಪಿಎಂ ದಾಟಿದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಚೆಕ್ ಎಂಜಿನ್ ಲೈಟೂ ಹತ್ತಿರುವುದಿಲ್ಲ. ಪ್ಲಗ್, ಕಾಯಿಲ್, ಪಂಪ್ ಅಂತ ಒಂದೊಂದೇ ಬದಲಿಸಿ ದುಡ್ಡು ಸುರಿಯುವ ಮೊದಲು ಈ ಪುಟ್ಟ ಅಡಾಪ್ಟರ್ ತರಿಸುವುದು ಲೇಸು. ಇದನ್ನು ಗಾಡಿಯ ಓಬಿಡಿ ಸಾಕೆಟ್‌ಗೆ (ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚುವ ಜಾಗ) ಸಿಕ್ಕಿಸಿದರೆ ಎಂಜಿನ್ನಿನ ಮಾಹಿತಿ ಫೋನಿನ ಆ್ಯಪ್‌ಗೆ ಬರುತ್ತದೆ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ದಾಖಲಿಸುವ ದೋಷದ ಕೋಡ್ ಓದಲಿಕ್ಕಲ್ಲ, ಈ ದೂರಿನಲ್ಲಿ ಎಷ್ಟೋ ಸಲ ಕೋಡೇ ಬಂದಿರುವುದಿಲ್ಲ. ದುಡ್ಡು ವಸೂಲಾಗುವುದು ಲೈವ್ ಡೇಟಾದಲ್ಲಿ, ಅಂದರೆ ಆ ಕ್ಷಣದಲ್ಲೇ ಕಾಣುವ ಸೆನ್ಸರ್ ಅಂಕಿಗಳಲ್ಲಿ.

ಕೆಲವೇ ನೂರು ರೂಪಾಯಿಗೆ ಸಿಗುವವೆಲ್ಲ ನಕಲಿ ಚಿಪ್‌ನವು. ಅಸಲಿ ಚಿಪ್ ಮಾಡುತ್ತಿದ್ದ ಕೆನಡಾದ ಇಎಲ್‌ಎಂ ಎಲೆಕ್ಟ್ರಾನಿಕ್ಸ್ 2022ರಲ್ಲೇ ಬಾಗಿಲು ಹಾಕಿದೆ. 'ವರ್ಷನ್ 1.5' ಅಂತ ಅಚ್ಚು ಹಾಕಿ ಮಾರುತ್ತಾರೆ, ತಮಾಷೆಯೆಂದರೆ ಆ ಕಂಪನಿ ಅಂಥದೊಂದು ವರ್ಷನ್ ಬಿಡುಗಡೆಯನ್ನೇ ಮಾಡಿರಲಿಲ್ಲ. ಆದರೂ ಈ ಕೆಲಸಕ್ಕೆ ನಕಲಿ ಸಾಕು, ನಿಧಾನ ಅಷ್ಟೇ. ಒಟ್ಟಿಗೆ ನಾಲ್ಕಕ್ಕಿಂತ ಹೆಚ್ಚು ರೀಡಿಂಗ್ ಹಾಕಿಕೊಂಡರೆ ಅಂಕಿ ತಡವರಿಸುತ್ತದೆ. ಐಫೋನ್ ಇದ್ದವರು ಬ್ಲೂಟೂತ್ 4.0 ಅಥವಾ ವೈಫೈ ಇರುವುದನ್ನೇ ಕೊಳ್ಳಬೇಕು.

ಕಾರ್ ಸ್ಕ್ಯಾನರ್ ಆ್ಯಪ್‌ನಲ್ಲಿ ಮೊದಲು ನೋಡಬೇಕಾದದ್ದು ಮ್ಯಾಪ್ ಸೆನ್ಸರ್, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನ ಒಳಗಿನ ಒತ್ತಡ ಅಳೆಯುವುದು. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದರೆ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು: ಮಂಗಳೂರಿನಲ್ಲಿ ಸುಮಾರು 101 ಕೆಪಿಎ (ಕಿಲೋಪಾಸ್ಕಲ್), ಬೆಂಗಳೂರಿನಲ್ಲಿ 91ರ ಆಸುಪಾಸು. ಐದಾರು ಅಂಕಿ ಆಚೀಚೆಯಾದರೆ ಸೆನ್ಸರ್ ಮೇಲೇ ಅನುಮಾನ. ಎಂಜಿನ್ ಬಿಸಿಯಾದ ಮೇಲೆ, ಎಸಿ ಆಫ್ ಮಾಡಿ, ಐಡ್ಲಿಂಗ್‌ನಲ್ಲಿ 30ರಿಂದ 38 ಇರಬೇಕು. 45 ದಾಟಿದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ, ಇಲ್ಲವೇ ಟೈಮಿಂಗ್ ಅಥವಾ ವಾಲ್ವ್ ಸರಿಯಿಲ್ಲ.

ಬಹಳ ಜನ ಎಡವುವುದು, ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂದು ತೋರಿಸುವ ಫ್ಯುಯೆಲ್ ಟ್ರಿಮ್‌ನಲ್ಲಿ. ವ್ಯಾಕ್ಯೂಮ್ ಪೈಪ್ ಲೀಕ್ ಇದ್ದರೆ ಟ್ರಿಮ್ ಪ್ಲಸ್ 10 ದಾಟುತ್ತದೆ ಅನ್ನುವುದು ಮಾಸ್ ಏರ್‌ಫ್ಲೋ ಸೆನ್ಸರ್ (ಒಳಬರುವ ಗಾಳಿಯನ್ನೇ ಅಳೆಯುವುದು) ಇರುವ ಗಾಡಿಗಳ ಮಾತು. ಮ್ಯಾಪ್ ಮಾತ್ರ ನಂಬಿರುವ ಎಂಜಿನ್‌ನಲ್ಲಿ ಕದ್ದು ಬಂದ ಗಾಳಿಗೂ ಇಸಿಯು ಪೆಟ್ರೋಲ್ ಲೆಕ್ಕ ಹಾಕಿಬಿಡುತ್ತದೆ. ಹಾಗಾಗಿ ಟ್ರಿಮ್ ಹೆಚ್ಚೇನೂ ಅಲುಗದೆ ಐಡ್ಲಿಂಗ್ ಆರ್‌ಪಿಎಂ ಮಾತ್ರ ಏರುತ್ತದೆ. ಮ್ಯಾಪ್ ಏರಿ ಟ್ರಿಮ್ ಮೈನಸ್‌ಗೆ ಇಳಿದು ಐಡ್ಲಿಂಗ್ ಒರಟಾದರೆ, ಇಜಿಆರ್ (ಹೊಗೆಯ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೇ ಬಿಡುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಆ ವಾಲ್ವ್ ಮಸಿ ಕಟ್ಟಿ ತೆರೆದೇ ಕೂತಿದೆಯೇ ನೋಡಿ. ಕಡಿಮೆ ಸ್ಪೀಡಿನಲ್ಲಿ ಎಳೆತ ತಿನ್ನುವುದರಲ್ಲಿ ಇದು ಎತ್ತಿದ ಕೈ.

ಮುಂದಿನದು ರಸ್ತೆಯ ಮೇಲಿನ ಪರೀಕ್ಷೆ. ಖಾಲಿ ಏರುರಸ್ತೆ, ಮೂರನೇ ಗೇರ್, 1500 ಆರ್‌ಪಿಎಂ, ಪೆಡಲ್ ಪೂರ್ತಿ ಒತ್ತಿ. ಆ್ಯಪ್ ರೆಕಾರ್ಡ್ ಮಾಡಲಿ, ನೀವು ಫೋನ್ ನೋಡಬೇಡಿ. ಬೆಂಗಳೂರಿನಲ್ಲಿ ಮ್ಯಾಪ್ 87-89ಕ್ಕೆ ಏರಬೇಕು. 75ಕ್ಕೇ ನಿಂತರೆ ಥ್ರಾಟಲ್ ಪೂರ್ತಿ ತೆರೆಯುತ್ತಿಲ್ಲ (ಪೆಡಲ್ ಕೆಳಗೆ ಮ್ಯಾಟ್ ಮಡಚಿಕೊಂಡಿದ್ದೂ ಉಂಟು). ಮ್ಯಾಪ್ ಸರಿಯಿದ್ದು ಹೊಗೆ ಕೊಳವೆಯಲ್ಲಿ ಎಂಜಿನ್ ಪಕ್ಕದಲ್ಲಿರುವ ಆಕ್ಸಿಜನ್ ಸೆನ್ಸರ್ 0.8 ವೋಲ್ಟ್‌ಗೆ ಏರುವ ಬದಲು 0.2ಕ್ಕೆ ಬಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಪಂಪ್ ಮತ್ತು ಫಿಲ್ಟರ್ ಕಡೆ ಹೋಗಿ. ಎರಡೂ ಸರಿಯಿದ್ದು ಗಾಡಿ ಜಗ್ಗುತ್ತಿದ್ದರೆ ಕಾಯಿಲ್ ಮತ್ತು ಪ್ಲಗ್ ಗ್ಯಾಪ್ ನೋಡಿ. ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ತುಳಿದಾಗಲೇ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು, ಬಡಕಲು ಕಾಯಿಲ್ ಸೋಲುವುದು ಅಲ್ಲೇ. ಈ ಅಂಕಿಗಳೆಲ್ಲ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್‌ಗೆ ಮಾತ್ರ.

ಕಂಪ್ರೆಷನ್, ಹಿಡಿದುಕೊಂಡ ಬ್ರೇಕ್ ಇದರ ಕಣ್ಣಿಗೆ ಬೀಳುವುದಿಲ್ಲ. ಕೋಡ್ ಅಳಿಸುವ ಬಟನ್ ಮೊದಲೇ ಒತ್ತಬೇಡಿ, ಇಸಿಯು ಕಲಿತಿಟ್ಟ ಟ್ರಿಮ್ ಕೂಡ ಅದರ ಜೊತೆ ಹೋಗಬಹುದು. ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ. ಓಬಿಡಿ ಸಾಕೆಟ್ಟಿನ 16ನೇ ಪಿನ್‌ಗೆ ಬ್ಯಾಟರಿಯಿಂದ ಸದಾ ಕರೆಂಟ್ ಇರುತ್ತದೆ, ವಾರಗಟ್ಟಲೆ ನಿಲ್ಲಿಸಿದ ಗಾಡಿ ಆಮೇಲೆ ಸ್ಟಾರ್ಟೇ ಆಗದೆ ಹೋಗಬಹುದು.