ತೂಕ ಇಳಿಯದೆ ನಿಂತಾಗ ಸ್ಮಾರ್ಟ್ ತೂಕದ ಯಂತ್ರ ಎಷ್ಟು ಕೆಲಸಕ್ಕೆ ಬರುತ್ತದೆ?

ಮೊದಲೇ ಹೇಳಿಬಿಡುತ್ತೇನೆ. ಮೊಬೈಲ್ ಆ್ಯಪ್‌ಗೆ ಜೋಡಿಸುವ ಈ ತೂಕದ ಯಂತ್ರವನ್ನು ಮೈಯಲ್ಲಿ ಎಷ್ಟು ಕೊಬ್ಬಿದೆ ಅಂತ ತಿಳಿಯುವುದಕ್ಕೆ ಕೊಳ್ಳಬೇಡಿ. ಡಬ್ಬದ ಮೇಲೆ ದೊಡ್ಡದಾಗಿ ಹಾಕಿರುವುದು ಅದನ್ನೇ, ಆದರೆ ಇದರ ನಿಜವಾದ ಉಪಯೋಗ ಬೇರೆ ಕಡೆ ಇದೆ. ತಪ್ಪದೆ ವ್ಯಾಯಾಮ ಮಾಡುತ್ತಿದ್ದರೂ ವಾರಗಟ್ಟಲೆ ತೂಕ ಅಲ್ಲಾಡದೆ ಕೂತಿರುತ್ತದಲ್ಲ, ಇಷ್ಟೆಲ್ಲ ಮಾಡಿ ಏನು ಬಂತು ಅನ್ನಿಸಿ ಎಲ್ಲ ಬಿಟ್ಟುಬಿಡೋಣ ಎಂದು ಮನಸ್ಸು ಎಳೆಯುತ್ತದಲ್ಲ, ಆ ದಿನಗಳಲ್ಲಿ ಇದರ ಒಂದೇ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಅದು ಆ್ಯಪ್‌ನಲ್ಲಿ ಮೂಡುವ ಸರಾಸರಿಯ ಗೆರೆ. ಉಳಿದ ಹತ್ತಾರು ಅಂಕಿಗಳಲ್ಲಿ ಕೆಲವು ಪರವಾಗಿಲ್ಲ, ಕೆಲವು ಬೇಡವೇ ಬೇಡ. ಒಂದೆರಡಂತೂ ಇರುವ ಹುಮ್ಮಸ್ಸನ್ನೂ ಕಿತ್ತುಕೊಳ್ಳುತ್ತವೆ.

ಇದು ಕೆಲಸ ಮಾಡುವ ರೀತಿ ಸರಳ. ಗಾಜಿನ ಹಲಗೆಯ ಮೇಲೆ ಲೋಹದ ನಾಲ್ಕು ಪಟ್ಟಿಗಳಿರುತ್ತವೆ. ಬರಿಗಾಲಲ್ಲಿ ನಿಂತರೆ ಒಂದು ಪಾದದಿಂದ ಇನ್ನೊಂದಕ್ಕೆ ತುಂಬಾ ಸಣ್ಣ ವಿದ್ಯುತ್ತು ಹರಿಯುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ನೀರು ಜಾಸ್ತಿ ಇರುವ ಸ್ನಾಯುವಿನಲ್ಲಿ ಅದು ಸಲೀಸಾಗಿ ಹೋಗುತ್ತದೆ, ಕೊಬ್ಬಿನಲ್ಲಿ ತಡೆ ಜಾಸ್ತಿ. ಆ ತಡೆಯನ್ನು ಅಳೆದು, ನಾವು ಕೊಟ್ಟ ಎತ್ತರ, ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಸೇರಿಸಿ, ಒಂದು ಸೂತ್ರಕ್ಕೆ ಹಾಕಿ ಕೊಬ್ಬು ಇಷ್ಟು ಶೇಕಡಾ ಎಂದು ಹೇಳುತ್ತದೆ. ಅಂದರೆ ಯಂತ್ರ ನಿಜಕ್ಕೂ ಅಳೆಯುವುದು ಎರಡನ್ನೇ: ತೂಕ ಮತ್ತು ವಿದ್ಯುತ್ತಿನ ತಡೆ. ಮೂಳೆಯ ತೂಕ, ಹೊಟ್ಟೆಯೊಳಗಿನ ಕೊಬ್ಬು, 'ದೇಹದ ವಯಸ್ಸು' ಅಂತ ಆ್ಯಪ್ ತೋರಿಸುವುದೆಲ್ಲ ಲೆಕ್ಕದಿಂದ ಬಂದ ಅಂದಾಜು. ಅದೂ ಅಲ್ಲದೆ ವಿದ್ಯುತ್ತು ಮುಖ್ಯವಾಗಿ ಕಾಲು ಮತ್ತು ಸೊಂಟದ ಕೆಳಗೆ ಹರಿಯುವುದರಿಂದ ಮೇಲಿನ ಅರ್ಧ ದೇಹವನ್ನು ಅದು ಸರಿಯಾಗಿ ನೋಡಿಯೇ ಇರುವುದಿಲ್ಲ.

ಹಾಗಾಗಿ ಕೊಬ್ಬಿನ ಅಂಕಿ ಒಂದೇ ದಿನದಲ್ಲಿ ಎರಡು ಮೂರು ರೀತಿ ಬರುತ್ತದೆ. ನೀರು ಕುಡಿದರೆ ಒಂದು, ಬೆವರು ಸುರಿಸಿ ಬಂದ ಕೂಡಲೇ ಹತ್ತಿದರೆ ಇನ್ನೊಂದು, ಪಾದ ಒಣಗಿದ್ದರೆ ಮತ್ತೊಂದು. ವ್ಯಾಯಾಮ ಮಾಡುವವರಿಗೆ ಇದು ತುಂಬಾ ನೋವು ಕೊಡುವ ವಿಷಯ. ಚೆನ್ನಾಗಿ ಬೆವರಿ, ಮೈಯಲ್ಲಿ ನೀರು ಕಡಿಮೆಯಾಗಿರುವ ದಿನ ಕೊಬ್ಬು ಏರಿದೆ ಎಂದು ತೋರಿಸಿದರೆ ಯಾರಿಗೆ ತಾನೇ ಬೇಜಾರಾಗುವುದಿಲ್ಲ? ನಾನು ಆ ಅಂಕಿಯನ್ನು ಆ್ಯಪ್‌ನ ಮುಖಪುಟದಿಂದಲೇ ತೆಗೆದುಬಿಟ್ಟೆ. ತಿಂಗಳಿಗೊಮ್ಮೆ, ಒಂದೇ ಹೊತ್ತಿನಲ್ಲಿ, ಒಂದೇ ಸ್ಥಿತಿಯಲ್ಲಿ ನೋಡಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿದುಕೊಂಡರೆ ಸಾಕು. ಇದೇ ಅಂಕಿ ಸರಿ ಎಂದು ಹಟ ಹಿಡಿಯಬಾರದು.

ಈಗ ಗೆರೆಯ ವಿಷಯಕ್ಕೆ ಬರೋಣ, ನಾನು ಇಷ್ಟೆಲ್ಲ ಬರೆಯುತ್ತಿರುವುದೇ ಅದಕ್ಕೆ.

ದಿನದ ತೂಕ ಕೊಬ್ಬಿನ ತೂಕ ಅಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತು, ಆದರೆ ಬೆಳಿಗ್ಗೆ ಯಂತ್ರದ ಮೇಲೆ ನಿಂತಾಗ ಯಾರಿಗೂ ನೆನಪಿಗೆ ಬರುವುದಿಲ್ಲ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ಹೆಸರಲ್ಲಿ ಸುಮಾರು ಅರ್ಧ ಕಿಲೋ ಸಕ್ಕರೆ ಅಂಶ ಕೂತಿರುತ್ತದೆ, ಅದರ ಪ್ರತಿ ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರು. ಇದು ಖಾಲಿಯಾಗುವುದು, ತುಂಬುವುದು ನಡೆದೇ ಇರುತ್ತದೆ. ಉಪ್ಪು ಜಾಸ್ತಿಯಾದರೆ ದೇಹ ನೀರು ಹಿಡಿದಿಡುತ್ತದೆ. ಹೊಸ ವ್ಯಾಯಾಮ ಶುರು ಮಾಡಿದರೆ ಅಥವಾ ಭಾರ ಎತ್ತುವುದನ್ನು ಹೆಚ್ಚಿಸಿದರೆ, ನೊಂದ ಸ್ನಾಯು ರಿಪೇರಿಯಾಗುವಾಗ ಅಲ್ಲೂ ನೀರು ನಿಲ್ಲುತ್ತದೆ. ಹೆಂಗಸರಿಗೆ ತಿಂಗಳ ಮುಟ್ಟಿನ ಹಿಂದೆ ಮುಂದೆ ಇನ್ನೂ ಒಂದಿಷ್ಟು ಏರಿಳಿತ. ಇವೆಲ್ಲ ಸೇರಿ ಒಂದೆರಡು ಕಿಲೋ ಆಚೆ ಈಚೆ ಆಗುವುದು ತೀರಾ ಸಾಮಾನ್ಯ.

ಇದರ ಪಕ್ಕದಲ್ಲಿ ಕೊಬ್ಬು ಇಳಿಯುವ ವೇಗ ಇಟ್ಟು ನೋಡಿ. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂಬ ಹಳೆಯ ಲೆಕ್ಕ ಇದೆಯಲ್ಲ, ಅದರ ಪ್ರಕಾರ ದಿನಕ್ಕೆ 275 ಕ್ಯಾಲೊರಿ ಕೊರತೆ (ಅಂದರೆ ಖರ್ಚಿಗಿಂತ ಅಷ್ಟು ಕಡಿಮೆ ತಿನ್ನುವುದು) ಇಟ್ಟುಕೊಂಡು ಶಿಸ್ತಿನಿಂದ ನಡೆದರೂ ವಾರಕ್ಕೆ ಇಳಿಯುವುದು ಕಾಲು ಕಿಲೋ. ಕಾಲು ಕಿಲೋ ಇಳಿಕೆ ಒಂದೆರಡು ಕಿಲೋದ ಏರಿಳಿತದೊಳಗೆ ಎಲ್ಲಿ ಕಾಣಬೇಕು? ಮೂರು ವಾರ ಕೊಬ್ಬು ಕರಗುತ್ತಲೇ ಇದ್ದು, ಯಂತ್ರ ಮಾತ್ರ ಅದೇ ಅಂಕಿ ತೋರಿಸುವುದು ಖಂಡಿತ ಸಾಧ್ಯ. ಎಷ್ಟೋ ಜನ ಬಿಟ್ಟುಬಿಡುವುದು ಇದೇ ಮೂರು ವಾರದಲ್ಲಿ. ನನಗೆ ಅದು ನೆನೆದರೆ ಸಂಕಟ ಆಗುತ್ತದೆ, ಯಾಕೆಂದರೆ ಅವರ ಶ್ರಮ ಫಲ ಕೊಡುತ್ತಲೇ ಇತ್ತು, ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ.

ಆ್ಯಪ್ ಮಾಡುವುದು ಇಷ್ಟೇ: ಪ್ರತಿದಿನದ ತೂಕವನ್ನು ಮಸುಕಾದ ಚುಕ್ಕೆಯಾಗಿ ಹಾಕಿ, ಹಿಂದಿನ ಕೆಲವು ದಿನಗಳ ಸರಾಸರಿಯನ್ನು ದಪ್ಪ ಗೆರೆಯಾಗಿ ಎಳೆಯುತ್ತದೆ. ಚುಕ್ಕೆಗಳು ಮೇಲೆ ಕೆಳಗೆ ಹಾರಾಡುತ್ತಿರುತ್ತವೆ, ಗೆರೆ ನಿಧಾನವಾಗಿ ಸಾಗುತ್ತದೆ. ಇವತ್ತಿನ ಚುಕ್ಕೆ ನಿನ್ನೆಗಿಂತ ಮೇಲಿದ್ದರೂ ಗೆರೆ ಇಳಿಜಾರಾಗಿಯೇ ಇದ್ದರೆ ಎದೆಯ ಭಾರ ಇಳಿಯುತ್ತದೆ. ಇಷ್ಟು ಸಣ್ಣ ವಿಷಯ ನನ್ನನ್ನು ಎಷ್ಟೋ ಬೆಳಿಗ್ಗೆ ಮತ್ತೆ ಶೂ ಹಾಕಿಕೊಳ್ಳುವಂತೆ ಮಾಡಿದೆ.

ಆದರೆ ಗೆರೆಯೂ ಮಲಗಿಬಿಟ್ಟರೆ? ನಾಲ್ಕೈದು ವಾರ ಗೆರೆಯೇ ಸಪಾಟಾಗಿದ್ದರೆ ಅದು ನೀರಿನ ಆಟ ಅಲ್ಲ, ತೂಕ ನಿಜವಾಗಿಯೇ ನಿಂತಿದೆ. ಇಲ್ಲಿ ಯಂತ್ರ ತನ್ನ ಕೆಲಸ ಸರಿಯಾಗಿ ಮಾಡಿದೆ, ಆ್ಯಪ್ ಮಾತ್ರ ಕೈಕೊಡುತ್ತದೆ. ಯಾಕೆ ನಿಂತಿತು ಎಂದು ಒಂದು ಸಾಲೂ ಹೇಳದೆ 'ಇನ್ನಷ್ಟು ಪ್ರಯತ್ನಿಸಿ' ಅಂತ ಸಂದೇಶ ಕಳಿಸುತ್ತದೆ. ಪ್ರಯತ್ನ ಪಡುತ್ತಲೇ ಇರುವವರಿಗೆ ಹೇಳುವ ಮಾತಾ ಇದು? ಹೇಳಬೇಕಾದ್ದು ಬೇರೆ ಇದೆ. ತೂಕ ಇಳಿದಂತೆ ದೇಹ ಚಿಕ್ಕದಾಗುತ್ತದೆ, ಚಿಕ್ಕ ದೇಹಕ್ಕೆ ಕಡಿಮೆ ಶಕ್ತಿ ಸಾಕು, ಅದೇ ದೂರ ನಡೆಯುವುದಕ್ಕೂ ಮೊದಲಿಗಿಂತ ಕಡಿಮೆ ಖರ್ಚು. ಅದರ ಮೇಲೆ ದೇಹ ತಾನಾಗಿಯೇ ಖರ್ಚನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ವಿಪರೀತ ತೂಕ ಇಳಿಸಿದ್ದ 14 ಜನರನ್ನು 6 ವರ್ಷದ ನಂತರ ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಬಂತು. ಸುಮ್ಮನೆ ಕೂತಿದ್ದಾಗ ಅವರ ದೇಹ ಸುಡುತ್ತಿದ್ದ ಶಕ್ತಿ, ಇರಬೇಕಾದ್ದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿಯಷ್ಟು ಕಡಿಮೆ ಇತ್ತು. ಅವರದು ತೀರಾ ವಿಪರೀತದ ಉದಾಹರಣೆ, ನಿಧಾನವಾಗಿ ಇಳಿಸುವವರು ಹೆದರಬೇಕಿಲ್ಲ. ಆದರೂ ತೂಕ ನಿಲ್ಲುವುದಕ್ಕೆ ದೇಹದ ಇಂಥ ಕಾರಣಗಳಿವೆ, ಅದು ನಿಮ್ಮ ಮನೋಬಲದ ಸೋಲಲ್ಲ. ಆ್ಯಪ್ ಇಷ್ಟು ಹೇಳಿದ್ದರೂ ಸಾಕಿತ್ತು.

ಇನ್ನೊಂದು ಕಾರಣ ಲೆಕ್ಕ ತಪ್ಪುವುದು. 1992ರ ಒಂದು ಹೆಸರಾಂತ ಅಧ್ಯಯನದಲ್ಲಿ, ಎಷ್ಟು ಕಡಿಮೆ ತಿಂದರೂ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ನಿಖರವಾಗಿ ಅಳೆದು ನೋಡಿದರು. ಅವರು ತಿಂದದ್ದನ್ನು ಸರಾಸರಿ 47 ಶೇಕಡಾ ಕಡಿಮೆ, ಮಾಡಿದ ದೈಹಿಕ ಚಟುವಟಿಕೆಯನ್ನು 51 ಶೇಕಡಾ ಜಾಸ್ತಿ ಹೇಳಿದ್ದರು. ಅವರು ಬೇಕೆಂದು ಸುಳ್ಳು ಹೇಳಿದರು ಅಂತ ನಾನು ನಂಬುವುದಿಲ್ಲ. ಕಣ್ಣಂದಾಜಿಗೆ ಊಟದ ಪ್ರಮಾಣ ಸಿಗುವುದು ಕಷ್ಟ, ಮೈ ದಣಿದಾಗ ಮಾಡಿದ ಕೆಲಸ ದೊಡ್ಡದಾಗಿ ಕಾಣುತ್ತದೆ, ಅಲ್ವಾ.

ಇಲ್ಲೇ ಈ ಆ್ಯಪ್‌ನ ಅತ್ಯಂತ ಕೆಟ್ಟ ಸೌಲಭ್ಯದ ಬಗ್ಗೆ ಹೇಳಬೇಕು. ಕೈಗಡಿಯಾರದ ಜೊತೆ ಜೋಡಿಸಿದರೆ, ವ್ಯಾಯಾಮದಲ್ಲಿ ಸುಟ್ಟ ಕ್ಯಾಲೊರಿಯನ್ನು ತೆಗೆದುಕೊಂಡು ಆ ದಿನದ ಊಟದ ಮಿತಿಗೆ ಸೇರಿಸಿಬಿಡುತ್ತದೆ, ಇಷ್ಟು ಸುಟ್ಟಿದ್ದೀರಿ ಹಾಗಾಗಿ ಇಷ್ಟು ಜಾಸ್ತಿ ತಿನ್ನಬಹುದು ಎಂಬಂತೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದ್ದರು. ಹೃದಯ ಬಡಿತವನ್ನು ಬಹುತೇಕ ಎಲ್ಲವೂ ಚೆನ್ನಾಗಿ ಅಳೆದವು, ಆದರೆ ಕ್ಯಾಲೊರಿ ಲೆಕ್ಕದಲ್ಲಿ ಎಲ್ಲಕ್ಕಿಂತ ನಿಖರವಾದ ಸಾಧನವೂ ಸರಾಸರಿ 27 ಶೇಕಡಾ ತಪ್ಪಿತು. ತಪ್ಪು ಅಂಕಿಯನ್ನು ನಂಬಿ ಅಷ್ಟೂ ತಿಂದರೆ ಮಾಡಿದ ಕೊರತೆ ಅಲ್ಲೇ ಮುಗಿದುಹೋಗುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಇದನ್ನು ಮೊದಲ ದಿನವೇ ಆಫ್ ಮಾಡಿ.

ಆಫ್ ಮಾಡಬೇಕಾದ ಎರಡನೆಯದು ಗುರಿ ತಲುಪುವ ದಿನಾಂಕ. ಇದೇ ವೇಗದಲ್ಲಿ ಹೋದರೆ ಯಾವಾಗ ಗುರಿ ಮುಟ್ಟುತ್ತೀರಿ ಎಂದು ಆ್ಯಪ್ ತೋರಿಸುತ್ತದೆ. ಇಳಿಯುವಾಗ ಅದು ಚಂದ. ತೂಕ ನಿಂತ ವಾರದಲ್ಲಿ ಆ ದಿನಾಂಕ ತಿಂಗಳುಗಟ್ಟಲೆ ದೂರ ಓಡುತ್ತದೆ, ಕೊನೆಗೆ ದಿನಾಂಕದ ಜಾಗದಲ್ಲಿ ಬರೀ ಅಡ್ಡಗೆರೆ ಬರುತ್ತದೆ. ಸೋತ ಮನಸ್ಸಿಗೆ ಇನ್ನೊಂದು ಏಟು. ಪದಕ, ಪಟಾಕಿ ಚಿತ್ರಗಳ ಅಭಿನಂದನೆಯೂ ಇದೇ ಜಾತಿ, ತೂಕ ಇಳಿದಾಗ ಮಾತ್ರ ಬರುತ್ತವೆ. ಮಳೆಯಲ್ಲಿ ಹೊರಟು ನಡೆದು ಬಂದ ದಿನಕ್ಕೆ ಒಂದೂ ಇಲ್ಲ.

ಇದೆಲ್ಲಕ್ಕಿಂತ ಒಳ್ಳೆಯ ಒಂದು ಸೌಲಭ್ಯ ಮೆನುವಿನ ತಳದಲ್ಲಿ ಅಡಗಿದೆ: ಸೊಂಟದ ಸುತ್ತಳತೆ ಬರೆದಿಡುವ ಜಾಗ. ಟೇಪಿನಿಂದ ನಾವೇ ಅಳೆದು ಹಾಕಬೇಕು. ತೂಕದ ಗೆರೆ ಮಲಗಿದ್ದಾಗಲೂ ಸೊಂಟದ ಗೆರೆ ಇಳಿಯುವುದುಂಟು. ವ್ಯಾಯಾಮ, ಅದರಲ್ಲೂ ಭಾರ ಎತ್ತುವ ವ್ಯಾಯಾಮ ಮಾಡುವವರಲ್ಲಿ ಸ್ನಾಯು ಸ್ವಲ್ಪ ಸೇರಿ ಕೊಬ್ಬು ಸ್ವಲ್ಪ ಹೋದರೆ ತೂಕ ಅಷ್ಟೇ ಇರುತ್ತದೆ, ಬಟ್ಟೆ ಸಡಿಲವಾಗುತ್ತದೆ. ತೂಕ ಒಂದು ಗ್ರಾಂ ಇಳಿಯದಿದ್ದರೂ ವ್ಯಾಯಾಮದಿಂದ ಹೊಟ್ಟೆಯೊಳಗಿನ ಕೊಬ್ಬು ಕರಗಬಹುದು, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಬಹುದು, ದಮ್ಮು ಹೆಚ್ಚುತ್ತದೆ. ಸೊಂಟದ ಪಕ್ಕದಲ್ಲೇ ವಿಶ್ರಾಂತಿಯಲ್ಲಿನ ಹೃದಯ ಬಡಿತ, ಒಮ್ಮೆಗೆ ಎಷ್ಟು ದಂಡ ಹೊಡೆದೆ ಎಂಬುದನ್ನೂ ಬರೆಯಲು ಜಾಗ ಇದ್ದಿದ್ದರೆ ಈ ಆ್ಯಪ್‌ಗೆ ನಾನು ಕಣ್ಣುಮುಚ್ಚಿ ಪೂರ್ತಿ ಅಂಕ ಕೊಡುತ್ತಿದ್ದೆ. ಅದು ಇಲ್ಲ. ನಾನು ಒಂದು ಪುಸ್ತಕದಲ್ಲಿ ಬರೆಯುತ್ತೇನೆ.

ದಿನಾ ತೂಕ ನೋಡುವುದು ಹುಚ್ಚು ಹಿಡಿಸುತ್ತದೆ ಎನ್ನುವವರೂ ಇದ್ದಾರೆ. ಅಮೆರಿಕದಲ್ಲಿ 1994ರಿಂದ ನಡೆಯುತ್ತಿರುವ ಒಂದು ದಾಖಲಾತಿ ಇದೆ, ಕನಿಷ್ಠ 13.6 ಕಿಲೋ ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರು ಅದರಲ್ಲಿದ್ದಾರೆ. ಅವರಲ್ಲಿ 75 ಶೇಕಡಾ ಜನ ವಾರಕ್ಕೆ ಒಮ್ಮೆಯಾದರೂ ತೂಕ ನೋಡುತ್ತಾರೆ. ಹಾಗಂತ ಎಲ್ಲರಿಗೂ ಇದು ಒಳ್ಳೆಯದು ಅಂತಲ್ಲ. ಊಟದ ಬಗ್ಗೆ ಭಯ, ತಿಂದಮೇಲೆ ಪಶ್ಚಾತ್ತಾಪ, ಅಂಕಿ ನೋಡಿ ಇಡೀ ದಿನ ಕೆಡುವುದು, ಇಂಥದ್ದು ಇದ್ದವರು ಈ ಯಂತ್ರವನ್ನು ಮನೆಗೆ ತರಲೇಬಾರದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮತ್ತು ಗರ್ಭಿಣಿಯರು ವಿದ್ಯುತ್ತು ಹರಿಸುವ ಅಳತೆ ಮಾಡಿಸಿಕೊಳ್ಳಬಾರದು ಎಂದು ಯಂತ್ರದ ಕೈಪಿಡಿಯಲ್ಲೇ ಬರೆದಿರುತ್ತದೆ, ಆದರೆ ತೀರಾ ಸಣ್ಣ ಅಕ್ಷರದಲ್ಲಿ. ಅದನ್ನು ಡಬ್ಬದ ಮೇಲೆ ಹಾಕಬೇಕಿತ್ತು. ಎಲ್ಲ ಸರಿಯಾಗಿ ಮಾಡಿಯೂ ತಿಂಗಳುಗಟ್ಟಲೆ ನಿಂತಿದ್ದರೆ, ಜೊತೆಗೆ ವಿಪರೀತ ಸುಸ್ತು, ಕೂದಲು ಉದುರುವುದು, ಮುಟ್ಟಿನಲ್ಲಿ ಏರುಪೇರು ಇದ್ದರೆ ವೈದ್ಯರ ಹತ್ತಿರ ಹೋಗಿ. ಥೈರಾಯ್ಡ್ ತೊಂದರೆ, ಪಿಸಿಒಎಸ್ (ಹೆಂಗಸರಲ್ಲಿ ಕಾಣುವ ಒಂದು ಹಾರ್ಮೋನ್ ತೊಂದರೆ), ಸ್ಟಿರಾಯ್ಡ್‌ನಂಥ ಕೆಲವು ಔಷಧಿಗಳು ತೂಕವನ್ನು ಹಿಡಿದಿಡುತ್ತವೆ. ಇದನ್ನು ಯಾವ ಆ್ಯಪ್ಪೂ ಕಂಡುಹಿಡಿಯುವುದಿಲ್ಲ.

ಬಳಕೆಯ ವಿಷಯದಲ್ಲಿ ಸಣ್ಣಪುಟ್ಟ ತಕರಾರುಗಳಿವೆ. ಮನೆಯಲ್ಲಿ ಇಬ್ಬರ ತೂಕ ಹತ್ತಿರ ಹತ್ತಿರ ಇದ್ದರೆ ಒಬ್ಬರದ್ದನ್ನು ಇನ್ನೊಬ್ಬರ ಖಾತೆಗೆ ಹಾಕಿಬಿಡುತ್ತದೆ, ಗೆರೆ ಕೆಡುತ್ತದೆ, ಅಳಿಸುವುದಕ್ಕೆ ನಾಲ್ಕು ಪುಟ ದಾಟಬೇಕು. ಮೆತ್ತನೆ ನೆಲಹಾಸಿನ ಮೇಲಿಟ್ಟರೆ ತೂಕವೇ ತಪ್ಪು ಬರುತ್ತದೆ, ಗಟ್ಟಿ ನೆಲ ಬೇಕು, ಜಾಗ ಬದಲಿಸಬಾರದು. ಬ್ಲೂಟೂತ್ ಮಾದರಿಯಾದರೆ ಪ್ರತಿಸಲ ಫೋನ್ ಹತ್ತಿರ ಇಟ್ಟುಕೊಳ್ಳಬೇಕು, ವೈಫೈ ಇದ್ದರೆ ಆ ಗೋಜಿಲ್ಲ. ಕೊಳ್ಳುವ ಮುಂಚೆ ನಿಮ್ಮ ಅಂಕಿಗಳನ್ನು ಫೈಲ್ ಆಗಿ ಹೊರಗೆ ತೆಗೆದುಕೊಳ್ಳಲು ಬಿಡುತ್ತದೆಯೇ ಎಂದು ನೋಡಿ. ಬಿಡದಿದ್ದರೆ ಯಂತ್ರ ಬದಲಿಸಿದ ದಿನ ಅಷ್ಟು ವರ್ಷದ ದಾಖಲೆ ಹೋದಂತೆ.

ನನ್ನ ಲೆಕ್ಕದಲ್ಲಿ 5ಕ್ಕೆ 3. ಆ ಮೂರೂ ಅಂಕ ಗೆರೆಗೆ ಮತ್ತು ಸೊಂಟದ ಪುಟಕ್ಕೆ. ಮನೆಯಲ್ಲಿ ಈಗಾಗಲೇ ಸಾದಾ ಡಿಜಿಟಲ್ ಯಂತ್ರ ಇದ್ದರೆ ಹೊಸದು ಕೊಳ್ಳುವ ಅಗತ್ಯವೂ ಇಲ್ಲ. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಕುಡಿಯುವ ಮುಂಚೆ ನೋಡಿದ ತೂಕವನ್ನು ಬರೆದಿಡಿ. ವಾರದ ಕೊನೆಗೆ ಏಳನ್ನೂ ಕೂಡಿಸಿ ಏಳರಿಂದ ಭಾಗಿಸಿ. ಆ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯ ಜೊತೆ ಮಾತ್ರ ಹೋಲಿಸಿ, ನಿನ್ನೆಯ ತೂಕದ ಜೊತೆ ಬೇಡ.